ತಂತಿ ಕೊಳ್ಳುವ ಮುಂಚೆ

ಮಗಾ, ಮಣಿಪಾಲದ ಕೆಲಸದಲ್ಲಿ ಕೂಡಿಟ್ಟ ದುಡ್ಡಿನಲ್ಲಿ ಆಂಪ್ಲಿಫೈಯರ್, ಸ್ಪೀಕರ್ ತೆಗೆದುಕೊಂಡೆ ಅಂತ ಕೇಳಿ ಖುಷಿಯಾಯಿತು. ಆದರೆ ಸ್ಪೀಕರಿನ ಕೇಬಲ್‌ಗೇ ನಲವತ್ತು ಸಾವಿರ ಕೊಡಲು ಹೊರಟಿದ್ದೀಯಲ್ಲ, ಒಂದು ವಾರ ತಡೆದುಕೋ ಮಾರಾಯ.

ಇದರ ಲೆಕ್ಕ ಕಷ್ಟದ್ದಲ್ಲ. 2.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.007 ಓಮ್ ತಡೆ. ಸ್ಪೀಕರ್ ಐದು ಮೀಟರ್ ದೂರವಿದ್ದರೆ ಹೋಗಿ ಬರಲು ಹತ್ತು ಮೀಟರ್, ಅಂದರೆ 0.07 ಓಮ್. ನಿನ್ನ ಸ್ಪೀಕರ್ 8 ಓಮಿನದು. ನೂರರಲ್ಲಿ ಒಂದು ಪಾಲೂ ಆಗಲಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ತಂತಿಯೇ ಸಾಕು. ತುದಿಯನ್ನು ಮಾತ್ರ ಬ್ಲೇಡಿನಿಂದ ಕೆರೆದು ನೋಡು, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಬೇಡ. ಆಂಪ್ಲಿಫೈಯರಿಗೆ ಹಾಡು ತರುವ ಸಣ್ಣ ಕೇಬಲ್‌ಗೆ ಒಳ್ಳೆಯ ಲೋಹದ ಹೊದಿಕೆ ಇರಲಿ. ಕರೆಂಟಿನ ವಯರಿಗೆ ತಾಗಿಸಿ ಎಳೆಯಬೇಡ, ಗುಂಯ್‌ಗುಟ್ಟೀತು.

ನಮ್ಮ ಊರುಗಳಲ್ಲಿ ತಂತಿಗೆ ನಿಜವಾದ ಶತ್ರು ಉಪ್ಪುಗಾಳಿ. ನಾನು ಕಾಪುವಿನಲ್ಲಿ ದೀಪಸ್ತಂಭದ ಹತ್ತಿರವೇ ಇದ್ದ ಕಾಲ. ಆಟಿ ತಿಂಗಳ ಒಂದು ರಾತ್ರಿ ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಕ್ಯಾಸೆಟ್ ಹಾಕಿದ್ದೆ. ಅವರು 1990ರಲ್ಲಿ ತೀರಿಕೊಂಡ ಮೇಲೆ ನಮಗೆ ಉಳಿದದ್ದು ಆ ಕ್ಯಾಸೆಟ್ಟುಗಳೇ. ಚೆಂಡೆ ಏರುತ್ತಿದ್ದಂತೆ ಎಡಗಡೆಯ ಸ್ಪೀಕರ್ ಕರಕರ ಅಂದಿತು, ಆಮೇಲೆ ಸತ್ತೇ ಹೋಯಿತು. ಆಂಪ್ಲಿಫೈಯರ್ ಹೋಯಿತೆಂದು ಹೊಸದಕ್ಕೆ ದುಡ್ಡು ಹೊಂದಿಸತೊಡಗಿದೆ. ಮೂರನೆಯ ದಿನ ಯಾಕೋ ಹಿಂದಿನ ತಿರುಪು ಬಿಚ್ಚಿ ನೋಡಿದರೆ, ದೇವರ ಕೋಣೆಯ ತಾಮ್ರದ ತಂಬಿಗೆಗೆ ಹಿಡಿಯುವಂಥ ಹಸಿರು ಕಿಲುಬು! ಎಳೆಗಳು ಕಪ್ಪಾಗಿ, ಮುಟ್ಟಿದರೆ ಪುಡಿಯಾಗುತ್ತಿದ್ದವು. ಅರ್ಧ ಇಂಚು ಕತ್ತರಿಸಿ, ಒಳಗಿನ ಕೆಂಪು ಎಳೆಗಳನ್ನು ಹೊಸೆದು ಬಿಗಿದೆ. ನಾವಡರ ದನಿ ಎರಡೂ ಕಡೆಯಿಂದ ತುಂಬಿ ಬಂತು. ಆ ಗಳಿಗೆ ಇನ್ನೂ ಮೈಯಲ್ಲಿದೆ. ಈಗ ಕಾರ್ಕಳದಲ್ಲಿದ್ದೇನೆ, ಕಡಲು ದೂರ. ಆದರೂ ಮಳೆ ನಿಂತ ಮೇಲೆ ವರ್ಷಕ್ಕೊಮ್ಮೆ ತುದಿ ಬಿಚ್ಚಿ ನೋಡುವುದನ್ನು ಬಿಟ್ಟಿಲ್ಲ. ಬಿಗಿಯುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಕಡೆ ಅದಲುಬದಲಾದರೆ ಮದ್ದಳೆಯ ತುಂಬುದನಿ ಬಡವಾಗುತ್ತದೆ.

ದನಿ ಚೆಂದವಾಗಬೇಕಾದರೆ ತಂತಿಗಿಂತ ಮೊದಲು ಕೋಣೆ ನೋಡು. ನಿನ್ನ ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟು. ಬರಿಗೋಡೆ, ಬರಿನೆಲ, ಟಣ್ಣೆಂದು ಮರುದನಿ ಬರುತ್ತದೆ. ದಪ್ಪ ಚಾಪೆ, ಪರದೆ, ಪುಸ್ತಕದ ಕಪಾಟು ಇಟ್ಟು ಮತ್ತೆ ಕೇಳು. ಯಾವ ಕೇಬಲ್ಲೂ ಕೊಡದ ವ್ಯತ್ಯಾಸ ಅದು.

ಇಷ್ಟು ಹೇಳಿದರೂ ನಿನ್ನ ಕಿವಿಗೆ ಬೇರೆ ಕೇಳಿಸುತ್ತದೆ ಅಂದರೆ ಸುಳ್ಳೆನ್ನಲಾರೆ. ಪರೀಕ್ಷೆ ಮಾಡೋಣ. ಬೆಲೆ ಗೊತ್ತಿದ್ದರೆ ಕಿವಿ ಬೆಲೆಯನ್ನೇ ಕೇಳುತ್ತದೆ, ದನಿ ತುಸು ಜೋರಾದರೂ ಅದೇ ಚೆಂದ ಅನಿಸುತ್ತದೆ. ಹಾಗಾಗಿ ಪರದೆ ಕಟ್ಟಿ, ವಾಲ್ಯೂಮ್ ಮುಟ್ಟದೆ, ಒಂದೇ ಪದವನ್ನು ಹತ್ತು ಸಲ ಹಾಕಬೇಕು. ಪ್ರತಿ ಸಲ ಯಾವ ಕೇಬಲ್ ಅನ್ನುವುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಬೇಕು. ಐದಾರು ಸರಿಯಾದರೆ ಅದು ಬರೀ ಊಹೆ. ಒಂಬತ್ತು ಸರಿ ಹೇಳಿದೆಯೋ, ನಾನೇ ನಿನ್ನ ಜೊತೆ ಅಂಗಡಿಗೆ ಬರುತ್ತೇನೆ.

ಭಾನುವಾರ ಕೇಬಲ್ ಎರಡನ್ನೂ ತಾ, ದುಬಾರಿಯದನ್ನು ಅಂಗಡಿಯವರ ಹತ್ತಿರ ಎರಡು ದಿನಕ್ಕೆ ಕೇಳಿ ತೆಗೆದುಕೋ. ಪರದೆಯ ಹಿಂದೆ ನಾನು ಕೂರುತ್ತೇನೆ.