ಹೆಸರು ಯಾರನ್ನು ಹೇಗೆ ಮುಟ್ಟುತ್ತದೆ? ಸಾಲ್ ಕ್ರಿಪ್ಕಿ ಅವರ ತತ್ತ್ವಚಿಂತನೆಗೆ ಒಂದು ಪ್ರವೇಶ

ಶಾಲೆಯಲ್ಲಿ ಕಲಿತ ಕನ್ನಡ ವ್ಯಾಕರಣವನ್ನು ಒಮ್ಮೆ ನೆನಪಿಸಿಕೊಳ್ಳಿ. ಊರು, ನದಿ, ಹುಡುಗ ಎಂಬಂಥವು ರೂಢನಾಮಗಳು. ಗುರುತಿಗಾಗಿ ಇಟ್ಟುಕೊಂಡ ಹೆಸರು ಅಂಕಿತನಾಮ: ಮೈಸೂರು, ತುಂಗಭದ್ರಾ, ಶಾಂತಾ. ಗುಣಕ್ಕೋ ವೃತ್ತಿಗೋ ತಕ್ಕಂತೆ ಬಂದದ್ದು ಅನ್ವರ್ಥನಾಮ: ವ್ಯಾಪಾರಿ, ವಿದ್ವಾಂಸ, ರೋಗಿ. ಇಷ್ಟು ನೆನಪಾದರೆ ಸಾಕು, ಕಳೆದ ಶತಮಾನದ ತತ್ತ್ವಶಾಸ್ತ್ರದ ಒಂದು ದೊಡ್ಡ ಚರ್ಚೆಯ ಹೊಸ್ತಿಲಿಗೆ ನೀವು ಆಗಲೇ ಬಂದಿದ್ದೀರಿ. ಆ ಚರ್ಚೆಯ ದಿಕ್ಕನ್ನೇ ಬದಲಿಸಿದವರು ಅಮೆರಿಕದ ಸಾಲ್ ಕ್ರಿಪ್ಕಿ.

ಅವರು ಹುಟ್ಟಿದ್ದು 1940ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಬೆಳೆದದ್ದು ನೆಬ್ರಾಸ್ಕದ ಒಮಾಹಾ ನಗರದಲ್ಲಿ. ತಂದೆ ಯಹೂದಿ ಧರ್ಮಗುರು. ಹೈಸ್ಕೂಲು ಹುಡುಗನಾಗಿದ್ದಾಗಲೇ ಕ್ರಿಪ್ಕಿ ತರ್ಕಶಾಸ್ತ್ರದ ಒಂದು ಪ್ರಮೇಯವನ್ನು ಸಾಧಿಸಿದರು. ಅದು 1959ರಲ್ಲಿ ಅಚ್ಚಾಯಿತು. ‘ಹೀಗಿರಬಹುದು’, ‘ಹೀಗೆಯೇ ಇರಬೇಕು’ ಎಂಬ ಮಾತುಗಳ ತರ್ಕ ಹೇಗೆ ನಡೆಯುತ್ತದೆ ಎಂಬುದು ಅದರ ವಿಷಯ. 1962ರಲ್ಲಿ ಹಾರ್ವರ್ಡ್‌ನಿಂದ ಗಣಿತದಲ್ಲಿ ಬಿ.ಎ. ಪಡೆದರು. ಗೌರವ ಪದವಿಗಳನ್ನು ಬಿಟ್ಟರೆ ಅವರ ಪದವಿ ಅದೊಂದೇ.

ಕ್ರಿಪ್ಕಿ ಸೇರಿದ ಪರಂಪರೆಗೆ ವಿಶ್ಲೇಷಣಾತ್ಮಕ ತತ್ತ್ವಶಾಸ್ತ್ರ ಎಂದು ಹೆಸರು. ದೊಡ್ಡ ಪ್ರಶ್ನೆಯನ್ನು ಹಿಡಿಯುವ ಮೊದಲು, ಅದನ್ನು ಕೇಳಲು ಬಳಸಿದ ಮಾತನ್ನೇ ಬಿಡಿಸಿ ನೋಡುವುದು ಅದರ ರೀತಿ. ಜರ್ಮನಿಯ ಫ್ರೇಗೆ, ಇಂಗ್ಲೆಂಡಿನ ರಸೆಲ್ ಅದರ ಹಿರಿಯರು. ಇವರಿಬ್ಬರೂ ಒಂದು ಸರಳ ಪ್ರಶ್ನೆ ಕೇಳಿಕೊಂಡಿದ್ದರು: ‘ಅರಿಸ್ಟಾಟಲ್’ ಎಂದೊಡನೆ ಆ ಶಬ್ದ ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಒಬ್ಬ ಮನುಷ್ಯನನ್ನೇ ಮುಟ್ಟುವುದು ಹೇಗೆ? ಅವರ ಉತ್ತರದ ಸಾರ ಹೀಗಿತ್ತು: ಹೆಸರಿನೊಳಗೆ ಒಂದು ವಿವರಣೆ ಅಡಗಿದೆ. ‘ಅಲೆಕ್ಸಾಂಡರನ ಗುರು’ ಎಂಬಂಥ ವಿವರಣೆ. ಅದಕ್ಕೆ ಯಾರು ಹೊಂದುತ್ತಾರೋ ಅವರೇ ಅರಿಸ್ಟಾಟಲ್. ನಮ್ಮ ಮಾತಿನಲ್ಲಿ ಹೇಳುವುದಾದರೆ, ಪ್ರತಿ ಅಂಕಿತನಾಮವೂ ವೇಷ ಮರೆಸಿಕೊಂಡ ಅನ್ವರ್ಥನಾಮ.

1970ರ ಜನವರಿಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ, ಇಪ್ಪತ್ತೊಂಬತ್ತರ ಹರೆಯದ ಕ್ರಿಪ್ಕಿ ಬರೆದ ಹಾಳೆಯಿಲ್ಲದೆ ಮೂರು ಉಪನ್ಯಾಸ ಕೊಟ್ಟರು. ಧ್ವನಿಮುದ್ರಣದಿಂದ ಬರಹಕ್ಕಿಳಿಸಿದ ಆ ಮಾತುಗಳೇ ಮುಂದೆ ‘ನೇಮಿಂಗ್ ಅಂಡ್ ನೆಸೆಸಿಟಿ’ ಎಂಬ ಪುಸ್ತಕವಾದವು. ಹಿರಿಯರ ಉತ್ತರ ಸರಿಯಲ್ಲ ಎಂದು ಅಲ್ಲಿ ಅವರು ತೋರಿಸಿದರು. ಈ ಹೆಜ್ಜೆಯನ್ನು ನಿಧಾನವಾಗಿ ಇಡೋಣ, ಅವಸರವೇನೂ ಇಲ್ಲ.

ಅರಿಸ್ಟಾಟಲ್ ಎಳವೆಯಲ್ಲೇ ವೈದ್ಯವೃತ್ತಿ ಹಿಡಿದ, ಅಲೆಕ್ಸಾಂಡರನಿಗೆ ಬೇರೊಬ್ಬರು ಪಾಠ ಹೇಳಿದರು ಎಂದು ಕಲ್ಪಿಸಿಕೊಳ್ಳಿ. ಕಲ್ಪನೆಯಲ್ಲಿ ತೊಡಕೇನಿಲ್ಲ. ಆ ಕಲ್ಪನೆಯೊಳಗೆ ‘ಅಲೆಕ್ಸಾಂಡರನ ಗುರು’ ಎಂಬ ಮಾತು ಯಾರಿಗೆ ಸಲ್ಲುತ್ತದೆ? ಆ ಬೇರೊಬ್ಬರಿಗೆ. ‘ಅರಿಸ್ಟಾಟಲ್’ ಎಂಬ ಹೆಸರು? ವೈದ್ಯನಾದ ಅದೇ ಅರಿಸ್ಟಾಟಲನಿಗೆ. ನೀವು ಈಗಷ್ಟೇ ಹೇಳಿದ ಕಥೆಯೂ ಅವನದೇ ಅಲ್ಲವೇ? ವಿವರಣೆ ಕೈಬದಲಾಯಿತು, ಹೆಸರು ಬದಲಾಗಲಿಲ್ಲ. ಹಾಗಾದರೆ ಎರಡೂ ಒಂದೇ ಆಗಿರಲಾರವು. ಯಾವ ಕಲ್ಪನೆಗೆ ಒಯ್ದರೂ ತನ್ನ ವ್ಯಕ್ತಿಯನ್ನು ಬಿಡದ ಇಂಥ ಪದವನ್ನು ನಾವು ದೃಢಸೂಚಕ ಎನ್ನಬಹುದು. ಹೊಸಪೇಟೆಯನ್ನು ನೋಡಿ. ಅದು ಹೊಸ ಪೇಟೆಯಾಗಿದ್ದ ಕಾಲ ಕಳೆದು ಶತಮಾನಗಳಾದವು, ಆದರೂ ಆ ಹೆಸರು ಆ ಊರನ್ನೇ ಹಿಡಿದು ನಿಂತಿದೆ.

ವಿವರಣೆಯ ಆಸರೆಯಿಲ್ಲದೆ ಹೆಸರು ನಮ್ಮವರೆಗೆ ಬಂದದ್ದಾದರೂ ಹೇಗೆ? ಇದು ನನಗೆ ಬಹಳ ಇಷ್ಟವಾದ ಭಾಗ. ಮಗುವಿಗೆ ನಾಮಕರಣವಾಗುತ್ತದೆ. ತಂದೆತಾಯಿ ಆ ಹೆಸರಿನಿಂದ ಕರೆಯುತ್ತಾರೆ, ಅವರಿಂದ ನೆರೆಯವರು, ನೆರೆಯವರಿಂದ ಊರು. ಹೀಗೆ ಬಾಯಿಂದ ಬಾಯಿಗೆ ಒಂದು ಸರಪಳಿ ಬೆಳೆಯುತ್ತದೆ. ರಿಚರ್ಡ್ ಫೈನ್‌ಮನ್ ಒಬ್ಬ ಭೌತವಿಜ್ಞಾನಿ ಎಂಬುದರ ಆಚೆಗೆ ಏನೂ ತಿಳಿಯದವರೂ ಆ ಹೆಸರೆತ್ತಿದಾಗ ಮಾತು ಫೈನ್‌ಮನ್ ಅವರ ಬಗ್ಗೆಯೇ ಆಗುತ್ತದೆ. ಏಕೆಂದರೆ ಹಾಗೆ ಹೆಸರೆತ್ತಿದವರ ಕೈಯಲ್ಲಿರುವುದು ಆ ಸರಪಳಿಯ ತುದಿ. ಹೆಸರು ಒಬ್ಬೊಬ್ಬರ ಜ್ಞಾನದ ಸೊತ್ತಲ್ಲ, ಸಮುದಾಯದ ಸೊತ್ತು.

ಇನ್ನೊಂದು ಮೆಟ್ಟಿಲು ಹತ್ತೋಣ. ನಸುಕಿನಲ್ಲಿ ಮೂಡುವ ಬೆಳ್ಳಿಚುಕ್ಕಿ ನಿಮಗೆ ಗೊತ್ತು. ಗ್ರೀಕರು ಅದನ್ನು ಫಾಸ್ಫರಸ್ ಎಂದೂ ಸಂಜೆ ಪಡುವಣದಲ್ಲಿ ಹೊಳೆಯುವ ಚುಕ್ಕಿಯನ್ನು ಹೆಸ್ಪರಸ್ ಎಂದೂ ಕರೆದರು. ಎರಡೂ ಶುಕ್ರಗ್ರಹವೇ. ಇದು ಕಣ್ಣು ಮುಚ್ಚಿ ಯೋಚಿಸಿ ತಿಳಿಯುವ ಸಂಗತಿಯಲ್ಲ, ಆಕಾಶವನ್ನು ನೋಡಿ ನೋಡಿಯೇ ತಿಳಿಯಬೇಕಾದದ್ದು. ಅನುಭವದಿಂದ ತಿಳಿದ ಸಂಗತಿ ಬೇರೆ ರೀತಿ ಇರಬಹುದಿತ್ತು ಎಂದೇ ಬಹುಪಾಲು ತತ್ತ್ವಜ್ಞಾನಿಗಳು ನಂಬಿದ್ದರು. ಕ್ರಿಪ್ಕಿ ಒಪ್ಪಲಿಲ್ಲ. ಎರಡು ಹೆಸರೂ ಒಂದೇ ಗ್ರಹವನ್ನು ಬಿಡದೆ ಹಿಡಿದಿರುವಾಗ, ಅದು ತನಗಿಂತ ತಾನೇ ಬೇರೆಯಾಗಿರುವುದು ಹೇಗೆ ಸಾಧ್ಯ? ‘ಸಂಜೆ ಆ ಜಾಗದಲ್ಲಿ ಬೇರೊಂದು ಗ್ರಹ ಹೊಳೆಯಬಹುದಿತ್ತಲ್ಲ?’ ಎಂದು ನೀವು ಕೇಳಬಹುದು. ಖಂಡಿತ ಹೊಳೆಯಬಹುದಿತ್ತು. ಆದರೆ ಅದು ನಾವೀಗ ಹೆಸ್ಪರಸ್ ಎನ್ನುವ ಗ್ರಹವಾಗಿರುತ್ತಿರಲಿಲ್ಲ, ಅದರ ಜಾಗದಲ್ಲಿ ನಿಂತ ಇನ್ನೊಂದಾಗಿರುತ್ತಿತ್ತು. ಅನುಭವದಿಂದಲೇ ತಿಳಿಯಬೇಕಾದ, ಆದರೂ ಬೇರೆಯಾಗಿರಲು ಸಾಧ್ಯವೇ ಇಲ್ಲದ ಸತ್ಯಗಳಿವೆ ಎಂಬ ಈ ತೀರ್ಮಾನ ಮೊದಲ ಓದಿಗೆ ದಕ್ಕದಿದ್ದರೆ ಬೇಸರಿಸಬೇಡಿ. ಈ ಭಾಗವನ್ನು ನಾಳೆ ಮತ್ತೊಮ್ಮೆ ಓದಿ.

ಕ್ರಿಪ್ಕಿ 2022ರಲ್ಲಿ ತೀರಿಕೊಂಡರು. ಸರಪಳಿಯ ಮಾತನ್ನು ಅವರು ಪೂರ್ಣ ಸಿದ್ಧಾಂತವೆಂದು ಎಂದೂ ಸಾರಲಿಲ್ಲ, ಹಳೆಯದಕ್ಕಿಂತ ಮೇಲಾದ ಒಂದು ಚಿತ್ರ ಎಂದಷ್ಟೇ ಹೇಳಿದರು. ಬ್ರಿಟನ್ನಿನ ಗ್ಯಾರೆತ್ ಎವನ್ಸ್ 1973ರಲ್ಲೇ ಒಂದು ತೊಡಕನ್ನು ಮುಂದಿಟ್ಟಿದ್ದರು. ಮಡಗಾಸ್ಕರ್ ಎಂಬುದು ಮೊದಲು ಆಫ್ರಿಕಾದ ಮುಖ್ಯ ಭೂಭಾಗದ ಒಂದು ಪ್ರದೇಶದ ಹೆಸರಾಗಿತ್ತಂತೆ. ಮಾರ್ಕೊ ಪೋಲೊ ಕೇಳಿದ್ದನ್ನು ತಪ್ಪಾಗಿ ತಿಳಿದು ದ್ವೀಪಕ್ಕೆ ಅಂಟಿಸಿದನಂತೆ. ಸರಪಳಿ ಎಲ್ಲಿಯೂ ಕಡಿದಿಲ್ಲ, ಹೆಸರು ಮಾತ್ರ ದ್ವೀಪದ ಪಾಲಾಯಿತು. ಯಾವ ಕೊಂಡಿಯಲ್ಲಿ, ಯಾವ ಕ್ಷಣದಲ್ಲಿ? ನೀವೇ ಹುಡುಕಿ ನೋಡಿ.