ಪರಮಾಣುವನ್ನು ತಡವಿದ ಸೂಜಿ

ಬರಿಗಣ್ಣಿಗೆ ಕಾಣದಷ್ಟು ಕಿರಿದಾದುದನ್ನು ಸೂಕ್ಷ್ಮದರ್ಶಕವು ಹಿರಿದಾಗಿಸಿ ತೋರುತ್ತದೆ. ಆದರೆ ಬೆಳಕಿನ ಶಕ್ತಿಗೂ ಒಂದು ಎಲ್ಲೆಯುಂಟು. ಕೆರೆಯ ದೊಡ್ಡ ಅಲೆಯೊಂದು ನೀರಿನಲ್ಲಿ ನಿಂತ ಜೊಂಡಿನ ಕಡ್ಡಿಯನ್ನು ಲೆಕ್ಕಿಸದೆ ದಾಟಿಹೋಗುವಂತೆ, ಬೆಳಕಿನ ಅಲೆಯೂ ತನಗಿಂತ ಬಹಳ ಚಿಕ್ಕದಾದ ವಸ್ತುವನ್ನು ಗುರುತಿಸದೆ ಸಾಗಿಬಿಡುತ್ತದೆ. ಕಣ್ಣು ಕಾಣಬಲ್ಲ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೋಮೀಟರು. ಒಂದು ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಪರಮಾಣುವಿನ ಅಡ್ಡಳತೆಯಾದರೋ ಒಂದು ನ್ಯಾನೋಮೀಟರಿಗಿಂತಲೂ ಕಡಿಮೆ. ಮಸೂರವನ್ನು ಎಷ್ಟು ನಯವಾಗಿ ಉಜ್ಜಿದರೂ ಈ ಅಂತರ ತುಂಬದು.

ಕಣ್ಣು ಸೋತೆಡೆಯಲ್ಲಿ ಬೆರಳು ನೆರವಿಗೆ ಬರುವುದುಂಟು. ದೃಷ್ಟಿಹೀನರು ಬ್ರೈಲ್ ಲಿಪಿಯ ಉಬ್ಬುಚುಕ್ಕೆಗಳನ್ನು ತಡವಿ ಓದುತ್ತಾರೆ. ಸ್ವಿಟ್ಜರ್‌ಲೆಂಡಿನ ಜೂರಿಕ್ ನಗರದ ಸಮೀಪ, ರುಶ್ಲಿಕೋನ್ ಎಂಬಲ್ಲಿರುವ ಐ.ಬಿ.ಎಂ. ಸಂಶೋಧನಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಖ್ ರೋರರ್ ಎಂಬ ವಿಜ್ಞಾನಿಗಳು ಹಿಡಿದ ದಾರಿಯೂ ಇಂಥದೇ. ಬಹು ತೆಳುವಾದ ಆಕ್ಸೈಡ್ ಪದರಗಳಲ್ಲಿನ ಲೋಪಗಳನ್ನು ಅರಿಯಬೇಕೆಂಬುದು ಅವರ ಮೊದಲ ಉದ್ದೇಶವಾಗಿತ್ತು. ಅದಕ್ಕೆ ತಕ್ಕ ಉಪಕರಣ ಎಲ್ಲಿಯೂ ದೊರೆಯದ ಕಾರಣ ತಾವೇ ಒಂದನ್ನು ನಿರ್ಮಿಸಲು ತೊಡಗಿದರು.

ಅದರ ತತ್ತ್ವ ಹೊಸದೇನಲ್ಲ. ಸಾಮಾನ್ಯವಾಗಿ ವಿದ್ಯುತ್ತು ಹರಿಯಬೇಕಾದರೆ ಎರಡು ಲೋಹಗಳು ಒಂದನ್ನೊಂದು ಮುಟ್ಟಬೇಕು. ಆದರೆ ಅವುಗಳ ನಡುವಣ ತೆರಪು ಒಂದು ನ್ಯಾನೋಮೀಟರಿನಷ್ಟು ಕಿರಿದಾದಾಗ, ಬೆಟ್ಟವನ್ನು ಏರದೆ ಸುರಂಗದಲ್ಲಿ ಹಾದುಹೋದವೋ ಎಂಬಂತೆ, ಕೆಲವು ಎಲೆಕ್ಟ್ರಾನುಗಳು ಆ ತೆರಪನ್ನು ದಾಟಿಬಿಡುತ್ತವೆ. ಕ್ವಾಂಟಂ ಸಿದ್ಧಾಂತವು ಇದನ್ನು 1920ರ ದಶಕದಲ್ಲಿಯೇ ತಿಳಿಸಿತ್ತು. ಈ ಸುರಂಗ ಪ್ರವಾಹದ ಒಂದು ಗುಣ ಬೆರಗು ಹುಟ್ಟಿಸುವಂಥದು: ತೆರಪು ನ್ಯಾನೋಮೀಟರಿನ ಹತ್ತನೆಯ ಒಂದು ಭಾಗದಷ್ಟು ಹೆಚ್ಚಿದರೆ ಸಾಕು, ಪ್ರವಾಹವು ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದಲೇ ಸೂಜಿಯ ಮೊನೆಯಲ್ಲಿ ಎಲ್ಲಕ್ಕಿಂತ ಮುಂದೆ ಚಾಚಿಕೊಂಡಿರುವ ಒಂದೇ ಒಂದು ಪರಮಾಣು ಪ್ರವಾಹದ ಬಹುಪಾಲನ್ನು ಹೊರುತ್ತದೆ; ಉಳಿದವು ಇದ್ದೂ ಇಲ್ಲದಂತೆ. ಪ್ರವಾಹವು ಏರದಂತೆ, ಇಳಿಯದಂತೆ ಸೂಜಿಯನ್ನು ಮೇಲೆ ಕೆಳಗೆ ಸರಿಸುತ್ತ, ನೇಗಿಲ ಸಾಲಿನಂತೆ ಸಾಲುಸಾಲಾಗಿ ನಡೆಸಿದರೆ, ಅದರ ಏರಿಳಿತವೇ ಆ ಮೇಲ್ಮೈಯ ನಕ್ಷೆಯಾಗುತ್ತದೆ. ಇಷ್ಟು ನವಿರಾದ ಚಲನೆಯನ್ನು ಬರಿಯ ತಿರುಪುಗಳು ಕೊಡಲಾರವು. ವಿದ್ಯುತ್ತನ್ನು ಊಡಿದಾಗ ತುಸುವೇ ಹಿಗ್ಗುವ, ಕುಗ್ಗುವ ಪೀಜೋ ವಿದ್ಯುತ್ ಪದಾರ್ಥಗಳು ಸೂಜಿಯನ್ನು ಸಾಗಿಸುತ್ತವೆ.

ತತ್ತ್ವವನ್ನು ಕಾಗದದ ಮೇಲೆ ಬರೆಯುವುದು ಸುಲಭ. ಪ್ರಯೋಗದಲ್ಲಿ ಎದುರಾದ ಶತ್ರು ಕಂಪನ. ನಡಿಗೆಯ ಸಪ್ಪಳ, ಬೀದಿಯ ವಾಹನ, ಮುಚ್ಚಿದ ಬಾಗಿಲು, ಇವುಗಳಲ್ಲಿ ಯಾವುದೊಂದಾದರೂ ಸೂಜಿಯನ್ನು ನೂರಾರು ಪರಮಾಣುಗಳಷ್ಟು ದೂರ ಅಲುಗಿಸಬಲ್ಲದು. ಅಮೆರಿಕದಲ್ಲಿ ರಸೆಲ್ ಯಂಗ್ ಎಂಬುವರು 1970ರ ದಶಕದ ಮೊದಲಲ್ಲಿಯೇ ಇಂತಹುದೇ ಯಂತ್ರವೊಂದನ್ನು ರಚಿಸಿದ್ದರು. ಕೆಲಸ ನಡುವೆಯೇ ನಿಂತು, ಅವರು ಪರಮಾಣುವಿನ ಹೊಸ್ತಿಲವರೆಗೆ ಬಂದು ಉಳಿದರು. ಅವರಿಗೆ ಸಲ್ಲಬೇಕಾದ ಗೌರವ ಸಣ್ಣದಲ್ಲ. ರೋರರ್ ಅವರಿಗೆ ನಿಶ್ಚಲತೆಯ ಬೆಲೆ ಮೊದಲೇ ತಿಳಿದಿತ್ತು: ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಅವರು ಊರು ಮಲಗಿದ ಮೇಲೆ, ನಡುರಾತ್ರಿ ಕಳೆದು, ಅಳತೆಗಳನ್ನು ಮಾಡುತ್ತಿದ್ದರು. ದ್ರವ ಹೀಲಿಯಮ್ಮಿನಿಂದ ತಣಿದು ಅತಿವಾಹಕವಾದ ಸೀಸದ ಬೋಗುಣಿಯ ಮೇಲೆ, ಅಯಸ್ಕಾಂತಗಳ ಬಲದಿಂದ, ಹೊಸ ಯಂತ್ರವನ್ನು ಯಾವುದಕ್ಕೂ ತಾಗದಂತೆ ತೇಲಿಸಿದರು. ಕ್ರಿಸ್ಟೋಫ್ ಗರ್ಬರ್, ಎಡ್ಮಂಡ್ ವೈಬೆಲ್ ಅವರೊಡನೆ ದುಡಿದರು. 1981ರ ಮಾರ್ಚ್ 16ರ ರಾತ್ರಿ, ತೆರಪಿಗೂ ಪ್ರವಾಹಕ್ಕೂ ಇರುವ ಸಂಬಂಧ ಸಿದ್ಧಾಂತವು ಹೇಳಿದಂತೆಯೇ ಕಂಡುಬಂದಿತು. ಆ ಕುರಿತು ಬರೆದ ಮೊದಲ ಲೇಖನವನ್ನು ಪತ್ರಿಕೆ ಸ್ವೀಕರಿಸಲಿಲ್ಲ.

ಮರುವರ್ಷ ಸಿಲಿಕಾನ್ ಹರಳಿನ ಮೈಮೇಲಿನ ಪರಮಾಣುಗಳ ವಿನ್ಯಾಸ, ವಿಜ್ಞಾನಿಗಳನ್ನು ಬಹುಕಾಲದಿಂದ ಕಾಡಿದ್ದ ಒಗಟು, ಆ ಸೂಜಿಗೆ ಒಲಿಯಿತು. ಯಂತ್ರವು ಕಾಗದದ ಮೇಲೆ ಬರೆದ ಗೆರೆಗಳನ್ನು ಒಂದರ ಹಿಂದೊಂದು ಜೋಡಿಸಿ ಉಬ್ಬುಚಿತ್ರವನ್ನು ಮಾಡಿದಾಗ, ಪರಮಾಣುಗಳು ಸಣ್ಣ ದಿಬ್ಬಗಳಂತೆ ಎದ್ದುನಿಂತವು. 1986ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕದ ಅರ್ಧ ಇವರಿಬ್ಬರಿಗೆ ಸಂದಿತು. ಉಳಿದರ್ಧ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ರಚಿಸಿದ ಅರ್ನ್ಸ್ಟ್ ರುಸ್ಕಾ ಅವರಿಗೆ.

ಪ್ರವಾಹವನ್ನೇ ನೆಚ್ಚಿದ ಈ ಸೂಜಿ ವಿದ್ಯುತ್ತು ಹರಿಯದ ವಸ್ತುಗಳನ್ನು ಅರಿಯಲಾರದು. ಆ ಕೊರತೆಯನ್ನು ನೀಗಲು ಬಿನ್ನಿಗ್, ಕಾಲ್ವಿನ್ ಕ್ವೇಟ್ ಮತ್ತು ಗರ್ಬರ್ 1986ರಲ್ಲಿ ಪರಮಾಣು ಬಲ ಸೂಕ್ಷ್ಮದರ್ಶಕವನ್ನು ಲೋಕದ ಮುಂದಿಟ್ಟರು. ಚಿನ್ನದ ತಗಡಿನ ಪುಟ್ಟ ಪಟ್ಟಿಗೆ ವಜ್ರದ ಚೂರೊಂದನ್ನು ಅಂಟಿಸಿ, ಪರಮಾಣುಗಳ ನಡುವಣ ಬಲದಿಂದ ಆ ಪಟ್ಟಿ ಬಾಗುವುದನ್ನು ಅವರು ಅಳೆದರು. ಜೀವಕೋಶವನ್ನು ದ್ರವದೊಳಗಿರುವಂತೆಯೇ ತಡವಿ ನೋಡುವುದು ಇದರ ಮುಂದಿನ ರೂಪಗಳಿಂದ ಸಾಧ್ಯವಾಗಿದೆ.

ಈ ವಿದ್ಯೆಯನ್ನು ಕಲಿಯುವವರ ಮೊದಲ ಪಾಠಕ್ಕೆ ಬೇಕಾದ ಸಿದ್ಧತೆ ನಗು ತರಿಸುವಷ್ಟು ಸರಳ. ಪ್ಲಾಟಿನಂ-ಇರಿಡಿಯಂ ತಂತಿಯ ತುದಿಯನ್ನು ಓರೆಯಾಗಿ ಎಳೆಯುತ್ತ ಕತ್ತರಿಸಿದರೆ ಸೂಜಿಯಾಯಿತು. ಗ್ರಾಫೈಟಿನ ತುಂಡಿಗೆ ಅಂಟುಪಟ್ಟಿಯನ್ನು ಒತ್ತಿ ಕಿತ್ತರೆ ಶುಭ್ರವಾದ ಹೊಸ ಮೈ ಸಿದ್ಧ. ಕಷ್ಟವಿರುವುದು ಮುಂದೆ. ಅವಸರದಲ್ಲಿ ಸೂಜಿ ಮೇಲ್ಮೈಗೆ ತಾಗಿದರೆ ಮೊನೆ ಕೆಟ್ಟು, ಬೇರೆ ತಂತಿಯನ್ನು ಕತ್ತರಿಸಬೇಕಾಗುತ್ತದೆ. ಮೊನೆಯಲ್ಲಿ ಒಂದರ ಬದಲು ಎರಡು ಚಾಚುಗಳಿದ್ದರೆ ಪ್ರತಿಯೊಂದು ದಿಬ್ಬವೂ ಜೋಡಿಯಾಗಿ ಮೂಡುತ್ತದೆ. ಕಂಡದ್ದು ಗ್ರಾಫೈಟಿನ ರೂಪವೋ ಸೂಜಿಯ ರೂಪವೋ ಎಂದು ಶಂಕಿಸಿ, ಬೇರೆ ಸೂಜಿಯಿಂದ ಮತ್ತೆ ನೋಡಬೇಕು. ಎಲ್ಲವೂ ಸರಿಯಾದ ಮೇಲೂ ಒಂದು ಸೋಜಿಗ ಕಾದಿರುತ್ತದೆ. ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಆರಾರಾಗಿ ಷಟ್ಕೋನಗಳಲ್ಲಿ ಕುಳಿತಿವೆಯೆಂದು ಪುಸ್ತಕ ಹೇಳುತ್ತದೆ. ಚಿತ್ರದಲ್ಲಿ ಆರರ ಬದಲು ಮೂರೇ ಎದ್ದು ಕಾಣುವುದು ಸಾಮಾನ್ಯ. ಸೂಜಿ ಅರಿಯುವುದು ಪರಮಾಣುವಿನ ಎತ್ತರವನ್ನಲ್ಲ, ಅಲ್ಲಿ ಅದಕ್ಕೆ ದೊರೆಯುವ ಎಲೆಕ್ಟ್ರಾನುಗಳನ್ನು. ಕೆಳಪದರದ ಪರಮಾಣುವಿಗೆ ನೇರ ಮೇಲಿರುವ ಇಂಗಾಲದ ಪರಮಾಣುವಿನಲ್ಲಿ ಅಂತಹ ಎಲೆಕ್ಟ್ರಾನುಗಳು ಕಡಿಮೆಯಾದ್ದರಿಂದ ಅದು ಮಸುಕಾಗಿ ಮರೆಯಾಗುತ್ತದೆ. ಇದನ್ನು ತಿಳಿಯಲು ವಿದ್ಯಾರ್ಥಿಯು ಯಂತ್ರದ ಬಳಿಯಿಂದೆದ್ದು, ತತ್ತ್ವದ ಪುಸ್ತಕವನ್ನು ಮತ್ತೊಮ್ಮೆ ತೆರೆಯಬೇಕಾಗುತ್ತದೆ.