ಎಣ್ಣೆ ಡಬ್ಬಿಯಲ್ಲಿ ಉಳಿದ ದುಡ್ಡು

ಹಾಲು, ತುಪ್ಪ, ಎಣ್ಣೆ, ಮೈದಾ, ಸಕ್ಕರೆ ಬಿಟ್ಟು ಬರೀ ಕಾಳು, ಧಾನ್ಯ, ಸೊಪ್ಪು, ತರಕಾರಿ, ಹಣ್ಣಿನಲ್ಲಿ ಊಟ ಮುಗಿಸುವುದು ದುಡ್ಡಿದ್ದವರಿಗೆ ಮಾತ್ರ ಸಾಧ್ಯ ಎಂದು ಈ ಅಂಕಣದ ಓದುಗರು ನನಗೆ ಹಲವು ಸಲ ಹೇಳಿದ್ದಾರೆ. ಹಾಗನ್ನಿಸುವುದು ಸಹಜ. ದೊಡ್ಡ ಅಂಗಡಿಯ ಆರೋಗ್ಯದ ಕಪಾಟಿನ ಮುಂದೆ ನಿಂತು ನೋಡಿ: ಲೀಟರಿಗೆ ₹250 ದಾಟಿದ ಬಾದಾಮಿ ಹಾಲು, ದಕ್ಷಿಣ ಅಮೆರಿಕದ ಹೆಸರು ಹೊತ್ತ ಕಿನೋವಾ, ಚಿಯಾ, ಅಂದದ ಡಬ್ಬಿಯ ಪ್ರೋಟೀನ್ ಪುಡಿ. ಅಲ್ಲಿಂದ ಶುರುಮಾಡಿದರೆ ಸಂಬಳದಾರರ ಮನೆ ತಡೆದುಕೊಳ್ಳುವುದಿಲ್ಲ.

ನಮ್ಮ ಮನೆ ಈ ಊಟಕ್ಕೆ ಹೊರಳಿದ್ದು ಒಂದು ಕೊಲೆಸ್ಟ್ರಾಲ್ ವರದಿಯ ಕಾರಣದಿಂದ. ಖರ್ಚು ಬರೆದಿಡುವ ಅಭ್ಯಾಸ ಮೊದಲಿನಿಂದಲೂ ಇದ್ದುದರಿಂದ ಹಿಂದಿನ ಕಿರಾಣಿ ಚೀಟಿಗಳೂ ಈಗಿನವೂ ನನ್ನ ಮುಂದಿವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳುತ್ತೇನೆ: ಕಾಳು ಸೊಪ್ಪಿನ ಅಂಗಡಿಯಲ್ಲೇ ಖರೀದಿ ಮುಗಿದರೆ ಈ ಊಟಕ್ಕೆ ಹಳೆಯದಕ್ಕಿಂತ ಹೆಚ್ಚು ಹಣ ಬೇಡ.

ಇದಕ್ಕೆ ‘ಹೋಲ್ ಫುಡ್ ಪ್ಲಾಂಟ್ ಬೇಸ್ಡ್’ ಎಂಬ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪೌಷ್ಟಿಕಾಂಶ ವಿಜ್ಞಾನಿ ಟಿ. ಕಾಲಿನ್ ಕ್ಯಾಂಪ್‌ಬೆಲ್. 2005ರಲ್ಲಿ ಬಂದ ‘ದಿ ಚೈನಾ ಸ್ಟಡಿ’ ಪುಸ್ತಕದಿಂದ ಅವರ ವಿಚಾರ ಎಲ್ಲೆಡೆ ಹರಡಿತು. ಸಸ್ಯಾಹಾರಿಗಳು ಎಂದ ಮಾತ್ರಕ್ಕೆ ನಾವೆಲ್ಲ ಇದನ್ನೇ ತಿನ್ನುತ್ತಿದ್ದೇವೆ ಎಂದಲ್ಲ. ಪೂರಿ ಸಾಗು, ಬೆಣ್ಣೆ ದೋಸೆ, ಮೈಸೂರು ಪಾಕ್ ಎಲ್ಲವೂ ಸಸ್ಯಾಹಾರವೇ. ಇಲ್ಲಿ ಕೇಳುವುದು ಕಾಳು ಕಾಳಾಗಿ, ಧಾನ್ಯ ಹೊಟ್ಟಿನ ಸಮೇತ, ಶೇಂಗಾ ಶೇಂಗಾ ಆಗಿಯೇ ತಟ್ಟೆಗೆ ಬರಲಿ ಎಂದು.

ಮೊದಲು ಎಣ್ಣೆಯ ಲೆಕ್ಕ ನೋಡೋಣ, ಯಾಕೆಂದರೆ ಅಡುಗೆಮನೆಯ ಬಜೆಟ್ಟನ್ನು ಅದರಷ್ಟು ಕುಣಿಸುವ ಪದಾರ್ಥ ಇನ್ನೊಂದಿಲ್ಲ. ಭಾರತ ತನಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ತಾಳೆ ಎಣ್ಣೆ ಇಂಡೊನೇಷ್ಯಾ, ಮಲೇಷ್ಯಾದಿಂದ. ಸೂರ್ಯಕಾಂತಿಯ ಬಹುಪಾಲು ರಷ್ಯಾ, ಉಕ್ರೇನಿನಿಂದ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಚ್ಚಾ ಎಣ್ಣೆಯ ಮೇಲಿನ ಒಟ್ಟು ಆಮದು ಸುಂಕವನ್ನು ಶೇ 5.5ರಿಂದ ಶೇ 27.5ಕ್ಕೆ ಏರಿಸಿತು, 2025ರ ಮೇ ಕೊನೆಗೆ ಶೇ 16.5ಕ್ಕೆ ಇಳಿಸಿತು. ಏರಿದ್ದು ನಮ್ಮ ಚೀಟಿಯಲ್ಲಿ ತಕ್ಷಣ ಕಾಣಿಸಿತು, ಇಳಿದದ್ದು ಅಷ್ಟು ಬೇಗ ಕಾಣಿಸಲಿಲ್ಲ.

ನಾಲ್ಕು ಜನರ ನಮ್ಮ ಮನೆಗೆ ತಿಂಗಳಿಗೆ ಐದು ಲೀಟರಿನ ಒಂದು ಡಬ್ಬಿ ಬರುತ್ತಿತ್ತು. ಈಗ ಒಂದು ಲೀಟರ್ ಸಾಕಾಗುತ್ತದೆ. ಹೃದ್ರೋಗಿಗಳಿಗೆ ಇದೇ ಊಟ ಹೇಳುವ ಅಮೆರಿಕದ ವೈದ್ಯ ಕಾಲ್ಡ್‌ವೆಲ್ ಎಸೆಲ್‌ಸ್ಟಿನ್ ಹನಿ ಎಣ್ಣೆಯೂ ಬೇಡ ಎನ್ನುತ್ತಾರೆ. ನಮ್ಮಲ್ಲಿ ದೋಸೆ ಕಾವಲಿಗೆ, ಹಬ್ಬದ ದಿನಕ್ಕೆ ಅಷ್ಟು ಉಳಿಸಿಕೊಂಡಿದ್ದೇವೆ. ಒಗ್ಗರಣೆಗೆ ಎಣ್ಣೆ ಬೇಕೇ ಬೇಕು ಎನ್ನುವುದು ನಂಬಿಕೆ ಅಷ್ಟೆ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಸಾಸಿವೆ ಹಾಕಿ ಮುಚ್ಚಿದರೆ ಒಣದಾಗಿಯೇ ಚಟಪಟ ಸಿಡಿಯುತ್ತದೆ. ಉರಿ ತಗ್ಗಿಸಿ ಕರಿಬೇವು, ಮುರಿದ ಒಣಮೆಣಸಿನಕಾಯಿ, ಚಿಟಿಕೆ ಇಂಗು ಹಾಕಿ ಕೈಯಾಡಿಸಿದರೆ ಕರಿಬೇವು ಗರಿಗರಿಯಾಗಿ ಘಮ ಬಿಡುತ್ತದೆ. ಅದನ್ನು ಸಾರಿಗೆ ಸುರಿದು, ಪಲ್ಯಕ್ಕಾದರೆ ಮೇಲೊಂದು ಹಿಡಿ ಕಾಯಿತುರಿ ಉದುರಿಸಿದರೆ ಮುಗಿಯಿತು. ನಾಲ್ಕು ಲೀಟರ್ ಎಣ್ಣೆ ಉಳಿಯಿತೆಂದರೆ ತಿಂಗಳಿಗೆ ಸುಮಾರು ₹600.

ಹಾಲಿನ ಬಗ್ಗೆ ಬರೆಯುವಾಗ ಒಂದು ಮಾತು ಸ್ಪಷ್ಟವಾಗಿರಲಿ. ಡೇರಿಗೆ ಹಾಲು ಹಾಕಿಯೇ ಮಕ್ಕಳನ್ನು ಓದಿಸಿದ ಕುಟುಂಬಗಳನ್ನು ನಾನು ಹತ್ತಿರದಿಂದ ಬಲ್ಲೆ, ಅವರ ದುಡಿಮೆಯ ಮೇಲೆ ನನಗೆ ಗೌರವವಿದೆ. ನಾನು ಬರೆಯುತ್ತಿರುವುದು ನಮ್ಮ ಮನೆಯ ಚೀಟಿಯನ್ನು ಮಾತ್ರ. ನಂದಿನಿ ಟೋನ್ಡ್ ಹಾಲು 2025ರ ಏಪ್ರಿಲ್ 1ರಿಂದ ಲೀಟರಿಗೆ ₹42ರಿಂದ ₹46 ಆಯಿತು. ದಿನಕ್ಕೆ ಒಂದೂವರೆ ಲೀಟರ್ ತರುತ್ತಿದ್ದ ನಾವು ಮನೆಯ ಹಿರಿಯರ ಕಾಫಿಗೆಂದು ಅರ್ಧ ಲೀಟರ್ ಇಟ್ಟುಕೊಂಡು ಉಳಿದದ್ದನ್ನು ನಿಲ್ಲಿಸಿದೆವು. ಅಲ್ಲಿ ಉಳಿದದ್ದು ಸುಮಾರು ₹1,400.

ಹಾಗಾದರೆ ಪ್ರೋಟೀನ್ ಎಲ್ಲಿಂದ ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಪೇಟೆಯಲ್ಲಿ ಹುರುಳಿ ಕಾಳು ಕೆ.ಜಿ.ಗೆ ₹100ರ ಆಸುಪಾಸು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಅಂದರೆ ಹತ್ತು ರೂಪಾಯಿಗೆ 22 ಗ್ರಾಂ. ಅದೇ ಹತ್ತು ರೂಪಾಯಿಯ ಹಾಲಿನಲ್ಲಿ ಸಿಗುವುದು ಏಳು ಗ್ರಾಂ ಒಳಗೆ, ಪನೀರಿನಲ್ಲಿ ಐದು ಗ್ರಾಂ ಹತ್ತಿರ. ಕಾಳಿನ ಪ್ರೋಟೀನು ಹಾಲಿನದಷ್ಟು ಪೂರ್ತಿಯಾಗಿ ಮೈಗೆ ಹತ್ತುವುದಿಲ್ಲ, ನಿಜ. ಆದರೆ ಕಾಳಿನ ಜೊತೆ ರಾಗಿಯೋ ಜೋಳವೋ ಅನ್ನವೋ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆಗೆ ಮೊಳಕೆ ಹುರುಳಿ ಸಾರು, ಜೋಳದ ರೊಟ್ಟಿಗೆ ಮಡಕಿಕಾಳಿನ ಪಲ್ಯ ಎಂದು ನಮ್ಮ ಎರಡು ಸೀಮೆಗಳೂ ಈ ಜೋಡಿಯನ್ನು ಎಂದೋ ಕಂಡುಕೊಂಡಿವೆ. ಮುದ್ದೆಗೂ ರೊಟ್ಟಿಗೂ ಬೇಕಾದದ್ದು ಹಿಟ್ಟು, ಬಿಸಿನೀರು, ಬೆಂಕಿ ಮಾತ್ರ ಎಂಬುದನ್ನೂ ಗಮನಿಸಿ.

ರಾಗಿಗೆ ಇನ್ನೊಂದು ಲಾಭವಿದೆ, ಅದು ನೇರವಾಗಿ ಬೆಲೆಗೆ ಸಂಬಂಧಿಸಿದ್ದು. ನವಣೆ, ಸಾಮೆ, ಹಾರಕ, ಊದಲು, ಕೊರಲೆಗಳಿಗೆ ಗಟ್ಟಿ ಸಿಪ್ಪೆ ಇರುತ್ತದೆ. ಅದನ್ನು ತೆಗೆಯಲು ಯಂತ್ರ ಬೇಕು, ತೆಗೆದ ಮೇಲೆ ತೂಕ ಇಳಿಯುತ್ತದೆ, ಆ ಖರ್ಚೆಲ್ಲ ಗ್ರಾಹಕರ ತಲೆಗೆ ಬರುತ್ತದೆ. ರಾಗಿ, ಜೋಳ, ಸಜ್ಜೆಗಳಿಗೆ ಆ ಗೋಳಿಲ್ಲ. ತೊಳೆದು ಒಣಗಿಸಿ ಗಿರಣಿಗೆ ಹಾಕಿಸಿದರೆ ಹೊಟ್ಟಿನ ಸಮೇತ ಹಿಟ್ಟಾಗುತ್ತದೆ, ಇಡಿ ಧಾನ್ಯ ತಾನಾಗಿಯೇ ಸಿಕ್ಕಿತು. ಸಿರಿಧಾನ್ಯಕ್ಕೆ ದುಡ್ಡು ಹೊಂದಿಸುವುದು ಕಷ್ಟವೆನ್ನುವವರು ಈ ಮೂರರಲ್ಲಿ ನೆಮ್ಮದಿಯಾಗಿ ನಿಲ್ಲಬಹುದು. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ನಮ್ಮ ರಾಜ್ಯದಲ್ಲೇ. 2025–26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ ₹4,886. ಕೆ.ಜಿ.ಗೆ ಐವತ್ತು ರೂಪಾಯಿಯ ಹತ್ತಿರದ ಈ ಧಾನ್ಯದ ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದರ ಒಂದಷ್ಟನ್ನು ಫೈಟೇಟ್ ಹಿಡಿದಿಟ್ಟುಕೊಳ್ಳುವುದರಿಂದ ನಾವು ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಬೀಸಿಸುತ್ತೇವೆ. ಜೊತೆಗೆ ಎಳ್ಳು, ನುಗ್ಗೆಸೊಪ್ಪು ಇರುತ್ತವೆ.

ಕಾಳು ಧಾನ್ಯವನ್ನು ಮೂಟೆಯಿಂದ ತೂಗಿಸಿ ತರುವುದಕ್ಕೆ ತೆರಿಗೆಯ ಕಾರಣವೂ ಇದೆ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆ, ಹಿಟ್ಟು, ಧಾನ್ಯಗಳಿಗೆ ಶೇ 5 ಜಿಎಸ್‌ಟಿ ಇದೆ. ಬಿಡಿಯಾಗಿ ತೂಗಿದ್ದಕ್ಕೆ ಇಲ್ಲ. ಬಾದಾಮಿ ಮತ್ತು ಸಸ್ಯಜನ್ಯ ಹಾಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಆದರೂ ಅವು ನಮ್ಮ ಚೀಟಿಗೆ ಬಂದಿಲ್ಲ. ಶೇಂಗಾ, ಗುರೆಳ್ಳು, ಅಗಸೆ ಅವುಗಳ ಜಾಗದಲ್ಲಿವೆ, ಚಟ್ನಿಪುಡಿಯ ರೂಪದಲ್ಲಿ.

ಉಳಿತಾಯದ ಅಡುಗೆ ಯಾವುದೆಂದು ಕೇಳಿದರೆ ಬಸ್ಸಾರನ್ನು ತೋರಿಸುತ್ತೇನೆ. ಹೆಸರುಕಾಳನ್ನೋ ಅಲಸಂದೆಯನ್ನೋ ಮುಕ್ಕಾಲು ಬೇಯಿಸಿ, ಹೆಚ್ಚಿದ ದಂಟಿನ ಸೊಪ್ಪು ಹಾಕಿ, ಎರಡೂ ಬೆಂದಾಗ ಬಸಿಯಬೇಕು. ಬಸಿದ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕಿ ಕುದಿಸಿದರೆ ಸಾರು. ಜಾಲರಿಯಲ್ಲಿ ಉಳಿದದ್ದಕ್ಕೆ ಕಾಯಿತುರಿ ಬೆರೆಸಿದರೆ ಪಲ್ಯ. ಒಂದೇ ಉರಿಯಲ್ಲಿ ಎರಡು ಅಡುಗೆ, ಸೊಪ್ಪಿನ ಸತ್ವ ಚರಂಡಿಗೆ ಹೋಗುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಸಿಲಿಂಡರ್ ಬೆಲೆ ₹50 ಏರಿದ ಮೇಲೆ ಇದು ಸಣ್ಣ ಮಾತಲ್ಲ.

ಬೇಕರಿ ತಿಂಡಿ, ಬಿಸ್ಕತ್ತು, ಚಿಪ್ಸ್, ಸಂಜೆಯ ಪಾರ್ಸೆಲ್ಲುಗಳಲ್ಲಿ ಇನ್ನೊಂದು ₹900 ಉಳಿಯಿತು. ಇದು ನಮ್ಮ ಮನೆಯೊಂದರ ಕಥೆಯಲ್ಲ. ಕೇಂದ್ರದ 2023–24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ನಗರವಾಸಿಗಳ ಒಟ್ಟು ಖರ್ಚಿನ ಶೇ 11ರಷ್ಟು ಪಾನೀಯ ಮತ್ತು ಸಿದ್ಧ ಆಹಾರಕ್ಕೆ ಹೋಗಿದೆ. ಆಹಾರದ ಬಾಬತ್ತುಗಳಲ್ಲಿ ಅತಿ ದೊಡ್ಡದು ಅದೇ. ಶುರುಮಾಡುವವರು ಮೊದಲ ತಿಂಗಳು ಹೊಸದೇನನ್ನೂ ಕೊಳ್ಳದೆ ಈ ಬಾಬತ್ತೊಂದನ್ನು ಮುಟ್ಟಿದರೆ ಸಾಕು, ಕಾಳಿಗೂ ಹಣ್ಣಿಗೂ ಹಣ ಅಲ್ಲೇ ಸಿಗುತ್ತದೆ.

ಖರ್ಚು ಹೆಚ್ಚಿದ ಕಡೆಗಳನ್ನೂ ಹೇಳಬೇಕು. ಕಾಳಿಗೆ ₹500, ಸೊಪ್ಪು ತರಕಾರಿಗೆ ₹600, ಬಾಳೆ, ಪಪ್ಪಾಯಿ, ಸೀಬೆಗೆ ₹800 ಹೆಚ್ಚಾಯಿತು. ಇನ್ನು ₹200 ವಿಟಮಿನ್ ಬಿ12 ಮಾತ್ರೆಗೆ. ಈ ಕೊನೆಯದನ್ನು ಯಾರೂ ಉಳಿಸಲು ಹೋಗಬಾರದು. ಬಿ12 ಬರೀ ಸಸ್ಯಮೂಲದ ಊಟದಲ್ಲಿ ನಂಬುವಂತೆ ಸಿಗುವುದಿಲ್ಲ, ಕೊರತೆ ನರಗಳಿಗೆ ತಟ್ಟುತ್ತದೆ, ಮೆಟ್‌ಫಾರ್ಮಿನ್ ನುಂಗುವವರಲ್ಲಿ ಇನ್ನೂ ಇಳಿಯುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮೂತ್ರಪಿಂಡದ ತೊಂದರೆಯಿದ್ದರೆ, ರಕ್ತ ತೆಳುವಾಗಿಸುವ ವಾರ್ಫರಿನ್ ನಡೆಯುತ್ತಿದ್ದರೆ ವೈದ್ಯರಿಗೆ ಹೇಳದೆ ಊಟ ಬದಲಿಸಬೇಡಿ. ಊಟ ಬದಲಾದಂತೆ ಔಷಧದ ಪ್ರಮಾಣವನ್ನೂ ಅವರು ನೋಡಬೇಕಾಗುತ್ತದೆ.

ಕೂಡಿ ಕಳೆದರೆ ಕೈಯಲ್ಲಿ ಉಳಿದದ್ದು ತಿಂಗಳಿಗೆ ₹800. ಆದರೆ ಚೀಟಿಯಲ್ಲಿ ಕಾಣದ ಒಂದು ವೆಚ್ಚವಿದೆ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದು. ಕಾಳು ನೆನೆಯಬೇಕು, ಮೊಳಕೆ ಕಟ್ಟಬೇಕು, ಸೊಪ್ಪು ಬಿಡಿಸಿ ಮೂರು ನೀರಿನಲ್ಲಿ ತೊಳೆಯಬೇಕು, ಬಿಸಿಬಿಸಿ ಮುದ್ದೆ ತೊಳಸಬೇಕು. ನಮ್ಮ ಸಮಾಜದಲ್ಲಿ ಇದೆಲ್ಲ ಯಾರ ಹೆಗಲಿಗೆ ಬೀಳುತ್ತದೆ ಎಂದು ಹೇಳಬೇಕಿಲ್ಲ. ಮನೆಯ ಆರೋಗ್ಯಕ್ಕೆಂದು ಒಬ್ಬ ಹೆಣ್ಣುಮಗಳ ದಿನದಲ್ಲಿ ಒಂದು ಗಂಟೆ ಕಸಿದುಕೊಂಡು ಅದನ್ನು ಉಳಿತಾಯವೆಂದು ಬರೆದರೆ ಆ ಲೆಕ್ಕ ಸುಳ್ಳು. ನಮ್ಮಲ್ಲಿ ರಾತ್ರಿ ಕಾಳು ನೆನೆಹಾಕುವುದು, ಸೊಪ್ಪು ಬಿಡಿಸುವುದು ಟಿ.ವಿ. ಮುಂದೆ ಕೂತವರೆಲ್ಲರ ಕೆಲಸ. ಅಡುಗೆಗೆ ನೆರವಾಗುವ ಮಹಿಳೆಗೂ ಕೆಲಸ ಹೆಚ್ಚಿದ್ದರಿಂದ ಅವರ ಸಂಬಳಕ್ಕೆ ₹500 ಸೇರಿಸಿದೆವು. ಹಣ್ಣು ಸೊಪ್ಪು ಹೆಚ್ಚು ತರುವ ಮನೆಯಲ್ಲಿ ಅವರ ಪಾಲೂ ಇರಬೇಕೆಂದು ವಾರದ ಸಂತೆಯ ಚೀಲದಲ್ಲಿ ಅವರ ಮನೆಗೂ ಒಂದಿಷ್ಟು ಹೋಗುತ್ತದೆ.

ಮಿಕ್ಕ ಮುನ್ನೂರನ್ನು ಡಿಸೆಂಬರಿನ ಅವರೆಕಾಯಿಗೆ ಎತ್ತಿಡುತ್ತೇವೆ. ಸುಗ್ಗಿ ಏರಿ ಬೆಲೆ ಇಳಿದ ವಾರದಲ್ಲಿ ಒಟ್ಟಿಗೆ ತಂದು, ಸುಲಿದು, ಬೇಕಾದಷ್ಟು ಹಸಿಯಾಗಿ ತಿಂದು, ಉಳಿದದ್ದನ್ನು ಒಣಗಿಸಿದರೆ ಬೇಸಿಗೆಯಲ್ಲಿ ಕಾಳಿನ ಬೆಲೆ ಏರಿದಾಗ ಅಂಗಡಿಗೆ ಹೋಗುವ ಪ್ರಮೇಯ ಕಡಿಮೆ.